ಅಕ್ಕೋರ ಹೆಸರು

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
27 ಫೆಬ್ರವರಿ 2025

ರಕ್ಷಾ,

ಕಳೆದ ಶನಿವಾರ, ಫೆಬ್ರವರಿ 22ರಂದು, ಐಸೆಲಿನ್‌ನ ಹೋಟೆಲಿನ ಸಭಾಂಗಣದಲ್ಲಿ, ನಲವತ್ತು ಜನ ಹೈಸ್ಕೂಲ್ ಶಿಕ್ಷಕರ ಎದುರು, ನಿಮ್ಮ ಸಂಸ್ಥೆ ಒಬ್ಬ ಹೆಂಗಸಿನ ಫೋಟೋ ಕತ್ತರಿಸಿ ಅದರ ಕೆಳಗೆ ಸುಳ್ಳು ಬರೆದು ತೋರಿಸಿತು. ಆ ಹೆಂಗಸು ನನಗೆ ಪಾಠ ಹೇಳಿದ ಅಕ್ಕೋರು. ಆ ಫೋಟೋ ನಾನು ಕೊಟ್ಟದ್ದು. ಬೇರೆ ಯಾವ ಮಾತಿನಿಂದ ಈ ಕಾಗದ ಶುರು ಮಾಡಿದರೂ ನಾನು ಮೆತ್ತಗಾಗುತ್ತೇನೆ, ಅದಕ್ಕೇ ಕ್ಷೇಮ ಸಮಾಚಾರ ಕೇಳಿಲ್ಲ.

ನೀನು ವೇದಿಕೆಯ ಮೇಲಿದ್ದೆ. ನಾನು ಕೊನೆಯ ಸಾಲಿನಲ್ಲಿದ್ದೆ. ಹೈಸ್ಕೂಲಿನಲ್ಲಿ ಕಮ್ಯುನಿಸಮ್ಮಿನ ಇತಿಹಾಸ ಕಲಿಸುವುದು ಹೇಗೆಂದು ಶಿಕ್ಷಕರಿಗೆ ತರಬೇತಿ ಅಂದಾಗ ನಾನು ಸಂತೋಷದಿಂದಲೇ ಬಂದೆ. ಕಲಿಸಲೇಬೇಕಾದ ವಿಷಯ ಅದು. ಸೋವಿಯತ್ ಒಕ್ಕೂಟದಲ್ಲಿ ಆರು ವರ್ಷ ಓದಿದವನು ನಾನು. ಕಳೆದ ಅಕ್ಟೋಬರಿನಲ್ಲಿ ನೀನು ರೆಕಾರ್ಡರ್ ಹಿಡಿದು ಮನೆಗೆ ಬಂದಾಗ ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದೆ. ಫೋಟೋಗಳನ್ನೂ ಕೊಟ್ಟೆ.

ಆಮೇಲೆ ಆ ಸ್ಲೈಡ್ ಬಂತು. ಪರದೆಯ ತುಂಬ ಅಕ್ಕೋರ ಮುಖ. ಸುತ್ತಲಿದ್ದವರೆಲ್ಲ ಮಾಯ, ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದ್ದೀರಿ. ಕೆಳಗೆ: ‘ರೊಟ್ಟಿಗಾಗಿ ಕಾದು ನಿಂತ ಹಸಿದ ಹೆಂಗಸು, ಸೋವಿಯತ್ ಒಕ್ಕೂಟ, 1977’. ಈ ಹೆಂಗಸಿಗೆ ಏನನ್ನಿಸುತ್ತಿದೆ ಅಂತ ನೀನು ಕೇಳಿದೆ. ಒಬ್ಬರು ಹತಾಶೆ ಅಂದರು. ಇನ್ನೊಬ್ಬರು ಭಯ ಅಂದರು. ಅವಳು ಅಳುತ್ತಿದ್ದಾಳೆ ಅಂತ ನನ್ನ ಪಕ್ಕದವರು ಬರೆದುಕೊಂಡರು.

ಅಕ್ಕೋರು ನಗುತ್ತಿದ್ದರು, ರಕ್ಷಾ. ನನ್ನನ್ನು ನೋಡಿ ನಗುತ್ತಿದ್ದರು. ಕೋಟಿನ ಮೇಲೆ ಅವ್ವ ಕೊಟ್ಟ ಕರಿ ಕಂಬಳಿ ಹೊದ್ದು ನಾನು ಅವರ ಬಲಕ್ಕೆ ನಿಂತಿದ್ದೆ. ನನ್ನನ್ನು ಕತ್ತರಿಸಿದ ಮೇಲೆ ಅವರ ತೆರೆದ ಬಾಯಿ ಗೋಳಾಡುವ ಬಾಯಿ ಆಯಿತು.

ನಾನು ಅಲ್ಲಿಯೇ ಏಳಬಹುದಿತ್ತು. ಮೈಕ್ ನಿನ್ನ ಕೈಯಲ್ಲಿತ್ತು, ಅದಕ್ಕೆ ಏಳಲಿಲ್ಲ. ನಿನ್ನ ಕಾಕೂ ಶಿವಕ್ಕನಿಗೆ ಇದು ಒಪ್ಪಿಗೆಯಾಗಿಲ್ಲ. “ಅಲ್ಲೇ ಎದ್ದು ಹೇಳೋದು ಬಿಟ್ಟು ಮನಿಗೆ ಬಂದು ನನ್ನ ಮುಂದ ಒದರಿದ್ರ ಏನಾತು? ನಾ ಏನ್ ಹೈಸ್ಕೂಲ್ ಮಾಸ್ತರೇನು?” ಅಂತ ಬಯ್ದಳು. ಸರಿಯಾಗಿಯೇ ಬಯ್ದಳು.

ನೀನು ಹನ್ನೆರಡರ ಹುಡುಗಿಯಾಗಿ ಧಾರವಾಡದಿಂದ ಜೆರಿಕೋಗೆ ಬಂದಾಗ, ಕನ್ನಡ ಮರೆಯಬಾರದೆಂದು ನಿಮ್ಮಪ್ಪ ಶಶಿಧರ ನಿನ್ನನ್ನು ನನಗೆ ಒಪ್ಪಿಸಿದ. ಅಂದಿನಿಂದ ನಾವು ಕಾಗದ ಬರೆಯುತ್ತ ಬಂದಿದ್ದೇವೆ. ಹಾಗಾಗಿ ಫೋನ್ ಮಾಡಬೇಡ. ಫೋನಿನಲ್ಲಿ ನೀನು ‘ಸಾರಿ ಕಾಕಾ’ ಅಂತೀ, ನಾನು ‘ಇರಲಿ ಬಿಡವಾ’ ಅಂತೀನಿ, ಅಲ್ಲಿಗೆ ಮುಗಿಯುತ್ತದೆ. ಬರೆದು ಉತ್ತರ ಕೊಡು.

ನಿನ್ನ
ಗದಿಗೆಪ್ಪ ಕಾಕಾ


ಜೆರಿಕೋ, ನ್ಯೂಯಾರ್ಕ್
16 ಮಾರ್ಚ್ 2025

ಕಾಕಾ, ನಮಸ್ಕಾರ.

ನಿಮ್ಮ ಕಾಗದ ಬಂದು ಎರಡು ವಾರ ಆಯ್ತು. ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಕ್ಷಮೆ ಇತ್ತು, ಮೂರನೆಯದರಲ್ಲಿ ಬರೀ ಸಿಟ್ಟಿತ್ತು. ಇದು ನಾಲ್ಕನೆಯದು.

ಫೋಟೋ ಕತ್ತರಿಸಿದ್ದು ನಾನಲ್ಲ, ಸಂಸ್ಥೆಯ ಪಠ್ಯ ಸಮಿತಿಯಲ್ಲಿ ಡಿಸೈನ್ ನೋಡಿಕೊಳ್ಳುವವರು. ಕೆಳಗಿನ ಸಾಲನ್ನೂ ನಾನು ಬರೆದಿಲ್ಲ. ಆದರೆ ಶಿಬಿರಕ್ಕೆ ಎರಡು ದಿನ ಮುಂಚೆ ಅದನ್ನು ನೋಡಿದೆ, ಸುಮಾರಾಗಿ ಸರಿಯಿದೆ ಅಂದುಕೊಂಡೆ. ಕ್ಯೂ ಇತ್ತು, ಸೋವಿಯತ್ ಒಕ್ಕೂಟ ಇತ್ತು, ವರ್ಷ ಸರಿ ಇತ್ತು.

ನಿಮಗೆ ನನ್ನ ಕೆಲಸ ಗೊತ್ತಿಲ್ಲ ಅಂತ ಹೇಳಲಾರೆ, ಆದರೂ ಹೇಳುತ್ತೇನೆ. ನನಗೆ ಇರುವುದು ನಲವತ್ತು ನಿಮಿಷದ ಪೀರಿಯಡ್. ಅದರಲ್ಲಿ ಅಟೆಂಡೆನ್ಸ್‌ಗೆ, ಫೋನ್ ಒಳಗಿಡಿಸೋದಕ್ಕೆ ಒಂದಿಷ್ಟು ಹೋಗುತ್ತೆ. ಎದುರಿಗಿರೋರು ಹದಿನಾರು ವರ್ಷದವರು. ಬರ್ಲಿನ್ ಗೋಡೆ ಬಿದ್ದಾಗ ಅವರ ಅಪ್ಪ ಅಮ್ಮಂದಿರೇ ಇನ್ನೂ ಸ್ಕೂಲಿನಲ್ಲಿದ್ದರು. ಒಂದು ಸ್ಲೈಡ್ ಒಂದೇ ಮಾತು ಹೇಳಬೇಕು. ‘ಇವರು ನಗ್ತಿದ್ದಾರೆ, ಆದರೆ ಇವರ ದೇಶದಲ್ಲಿ ಭಯ ಇತ್ತು, ಆದರೆ ಓದು ಪುಕ್ಕಟೆ ಇತ್ತು, ಆದರೆ...’ ಅಂತ ಹೋದರೆ ಬೆಲ್ ಹೊಡೆಯುತ್ತೆ.

ಇನ್ನೊಂದು ಮಾತು. ನೀವು ಸಿಟ್ಟಾಗ್ತೀರಿ ಅಂತ ಗೊತ್ತಿದ್ದೂ ಬರೀತೀನಿ. ಆ ಕ್ಯೂ ಕತೆಯನ್ನ ನಾನು ಹದಿಮೂರು ವರ್ಷದವಳಿದ್ದಾಗಿಂದ ನಿಮ್ಮ ಬಾಯಲ್ಲೇ ಕೇಳಿದ್ದೀನಿ. ಕನ್ನಡ ಕೂಟದ ಪ್ರತಿ ಪಿಕ್ನಿಕ್ಕಿನಲ್ಲಿ ಮೂಗು ಕೆಂಪಗೆ ಮಾಡ್ಕೊಂಡು, ಶಾಲು ಹೊದ್ದು, ಕಾಲು ಕುಣಿಸಿ ತೋರಿಸ್ತಿದ್ರಿ. ಅಂಕಲ್‌ಗಳೆಲ್ಲ ಬಿದ್ದು ಬಿದ್ದು ನಗ್ತಿದ್ರು. ಅಪ್ಪ ‘ಗದಿಗೆಪ್ಪನ ರಷ್ಯಾ ಶುರು ಆತು, ತಟ್ಟೆ ತುಂಬಿಸ್ಕೊಂಡು ಬರ್ರಿ’ ಅಂತಿದ್ರು. ಸೋವಿಯತ್ ಒಕ್ಕೂಟ ಅಂದರೆ ನೀವು ನಿಂತ ಕ್ಯೂ ಅಂತಲೇ ನಾನು ತಿಳ್ಕೊಂಡು ಬೆಳೆದೆ. ಇಪ್ಪತ್ತು ವರ್ಷ ನೀವೇ ಅದನ್ನ ಒಂದೇ ಸ್ಲೈಡಿನ ಹಾಗೆ ತೋರಿಸಿದ್ರಿ. ಈಗ ನಮ್ಮ ಸ್ಲೈಡ್ ತಪ್ಪು ಅಂತೀರಿ.

ಜೂನ್ 28ಕ್ಕೆ ದೊಡ್ಡ ಶಿಬಿರ ಇದೆ. ಎರಡೂ ರಾಜ್ಯಗಳಿಂದ ನೂರಕ್ಕೂ ಹೆಚ್ಚು ಶಿಕ್ಷಕರು ಬರ್ತಾರೆ. ಅದರ ಮುಖ್ಯ ತರಬೇತುದಾರಳಾಗಿ ನನ್ನನ್ನು ಆರಿಸಿದ್ದಾರೆ. ಆ ಜಾಗಕ್ಕೆ ಬರೋದಕ್ಕೆ ನಾನು ಎಷ್ಟು ಶನಿವಾರ ಕೊಟ್ಟಿದ್ದೀನಿ ಅಂತ ನಿಮಗೆ ಗೊತ್ತು. ದಯವಿಟ್ಟು ಇದನ್ನು ಇಲ್ಲಿಗೆ ಬಿಡಿ ಕಾಕಾ. ಆ ಸ್ಲೈಡ್ ಸದ್ದಿಲ್ಲದೆ ತೆಗೆಸ್ತೀನಿ.

ಕಾಕೂಗೆ ನಮಸ್ಕಾರ ಹೇಳಿ.

ರಕ್ಷಾ


ಓಲ್ಡ್ ಬ್ರಿಡ್ಜ್
6 ಏಪ್ರಿಲ್ 2025

ರಕ್ಷಾ,

ಪಿಕ್ನಿಕ್ಕಿನ ಮಾತು ತಾಗಿತು. ಅದು ನಿಜ, ಅದಕ್ಕೇ ತಾಗಿತು. ಉಪ್ಪಿಟ್ಟು ತಿನ್ನುತ್ತ ಕೂತವರ ಮುಂದೆ ಏನು ಹೇಳಬಹುದೋ ಅಷ್ಟನ್ನೇ ಹೇಳುತ್ತಿದ್ದೆ. ಆದರೆ ನಾನು ಪಿಕ್ನಿಕ್ಕನ್ನು ಪಠ್ಯ ಅಂತ ಕರೆದಿರಲಿಲ್ಲ. ಅದನ್ನು ಕೇಳಿದವರು ಸೋಮವಾರ ಹೋಗಿ ನೂರು ನೂರು ಮಕ್ಕಳಿಗೆ ಪಾಠ ಮಾಡಲಿಲ್ಲ.

ಮೊದಲು ಆ ಕ್ಯೂ. ಅದು ರೊಟ್ಟಿಗಲ್ಲ, ಕಿತ್ತಳೆಗೆ. 1977ರ ಡಿಸೆಂಬರ್ ಕೊನೆ, ಖಾರ್ಕಿವ್ ಪಟ್ಟಣ. ಹೊಸ ವರ್ಷಕ್ಕೆ ಮಾತ್ರ ಅಲ್ಲಿ ಕಿತ್ತಳೆ ಬರುತ್ತಿತ್ತು. ನನಗೆ ಇಪ್ಪತ್ತು ವರ್ಷ. ಹುಬ್ಬಳ್ಳಿಯ ಹತ್ತಿ ಗಿರಣಿಯಲ್ಲಿ ಅಪ್ಪ ಕೆಲಸ ಮಾಡುತ್ತಿದ್ದ, ಅವನ ಕಾರ್ಮಿಕ ಸಂಘದ ಮೂಲಕ ನನಗೆ ಎಂಜಿನಿಯರಿಂಗ್ ಓದಲು ಅಲ್ಲಿ ಸೀಟು ಸಿಕ್ಕಿತ್ತು. ಅಕ್ಕೋರು ನಮಗೆ ರಷ್ಯನ್ ಭಾಷೆ ಕಲಿಸುತ್ತಿದ್ದರು. ಕಿತ್ತಳೆ ಬಂದಿದೆ ಅಂತ ಕ್ಲಾಸ್ ಬಿಟ್ಟು ನಮ್ಮನ್ನೆಲ್ಲ ಅವರೇ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ನಿಂತಾಗ ಅವರಿಗೆ ಹಸಿವಿರಲಿಲ್ಲ. ಎಲ್ಲದಕ್ಕೂ ಕಾಯಬೇಕಾದ ದೇಶ ಅದು, ಮಕ್ಕಳಿಗೆ ಹೇಳಲೇಬೇಕು. ಕಾಯುವುದು ಹಸಿವಲ್ಲ, ಅದನ್ನೂ ಹೇಳಬೇಕು.

ಹಸಿವು ಬೇರೆ ಇತ್ತು. ಅದು ನಿನ್ನ ರೆಕಾರ್ಡಿಂಗಿನಲ್ಲಿದೆ. ಆದರೂ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ನೀನು ಕೂತು ಓದು.

1978ರ ಶಿವರಾತ್ರಿ. ಉಪವಾಸ ತಪ್ಪಿಸುವುದಿಲ್ಲ ಅಂತ ಅವ್ವನಿಗೆ ಮಾತು ಕೊಟ್ಟು ಹೋಗಿದ್ದೆ. ಕೆಂಪು ಬಾವುಟದ ಮನೆಯ ಮಗ, ಶಿವರಾತ್ರಿ ಉಪವಾಸ, ನಗಬೇಡ. ಅವತ್ತು ಮಧ್ಯಾಹ್ನ ವ್ಯಾಕರಣ ತಿದ್ದಿಸಿಕೊಳ್ಳಲು ಅಕ್ಕೋರ ಮನೆಗೆ ಹೋದೆ. ಅವರು ಕರಿ ರೊಟ್ಟಿ, ಆಲೂಗಡ್ಡೆ ಮುಂದಿಟ್ಟರು. ಉಣ್ಣುವುದಿಲ್ಲ ಅಂದೆ. ಹುಷಾರಿಲ್ಲವೇ ಅಂತ ಕೇಳಿದರು. ಹುಷಾರಿದ್ದೇನೆ. ಹಸಿವಿಲ್ಲವೇ? ಇದೆ. ಕೊನೆಗೆ ಇದ್ದಬದ್ದ ರಷ್ಯನ್ನೆಲ್ಲ ಕೂಡಿಸಿ, “ಊಟ ಮುಂದಿದೆ, ಹಸಿವೂ ಇದೆ, ಆದರೂ ನಾನಾಗಿಯೇ ಉಣ್ಣುವುದಿಲ್ಲ” ಅಂದೆ.

ಅವರು ಮುಂದಿಟ್ಟಿದ್ದ ತಟ್ಟೆ ಪಕ್ಕಕ್ಕೆ ಸರಿಸಿದರು. ವಾಕ್ಯ ಸರಿಯಾಗಿದೆ ಅಂದರು. ಎದ್ದು ಹೋಗಿ ಅಡುಗೆಮನೆಯ ನಲ್ಲಿ ಪೂರ್ತಿ ತಿರುಗಿಸಿದರು. ಗೋಡೆಯಾಚೆ ಯಾರಿಗೂ ಕೇಳಿಸದಂತೆ ಆ ನೀರಿನ ಸದ್ದಿನಲ್ಲಿ ಹೇಳಿದರು.

1933ರಲ್ಲಿ ಅವರಿಗೆ ಒಂಬತ್ತು ವರ್ಷ. ಖಾರ್ಕಿವ್‌ನಿಂದ ಬಂಡಿಯಲ್ಲಿ ಒಂದು ದಿನದ ದಾರಿಯ ಹಳ್ಳಿ. ಸರ್ಕಾರದ ಜನ ಕಬ್ಬಿಣದ ಸರಳು ಹಿಡಿದು ಬಂದು ಮನೆಯ ನೆಲ ಚುಚ್ಚಿ ಚುಚ್ಚಿ ನೋಡಿದರು. ಹೂತಿಟ್ಟ ಗೋಧಿ ಒಯ್ದರು. ಒಲೆಯ ಮೇಲೆ ಗಡಿಗೆಯಲ್ಲಿ ಬೇಯುತ್ತಿದ್ದ ಕಾಳನ್ನೂ ಸುರುವಿಕೊಂಡು ಒಯ್ದರು. ಅವರಿಗೆ ಇಬ್ಬರು ತಮ್ಮಂದಿರು, ಪೆತ್ರೋ ಮತ್ತು ಇವಾಸ್. ತಾಯಿ ಅಕ್ಕೋರೊಬ್ಬರನ್ನೇ ಪಟ್ಟಣದಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದಳು. ಬೇಸಿಗೆಯಲ್ಲಿ ಇವರು ತಿರುಗಿ ಹೋದಾಗ ಅವರ ಮನೆಯಲ್ಲಿ ಬೇರೆ ಊರಿನವರು ಇದ್ದರು. ತಾಯಿ, ತಮ್ಮಂದಿರು ಎಲ್ಲಿ ಅಂತ ಕೇಳಿದರೆ ಹಿತ್ತಲ ಕಡೆ ಕೈ ತೋರಿಸಿದರು. ಇಷ್ಟು ಹೇಳಿ ಅಕ್ಕೋರು ನಲ್ಲಿ ನಿಲ್ಲಿಸಿದರು. ವ್ಯಾಕರಣದ ಪುಸ್ತಕ ತೆಗೆದರು.

1980ರ ರಜೆಯಲ್ಲಿ ಹುಬ್ಬಳ್ಳಿಗೆ ಬಂದಾಗ ಇದನ್ನು ಸಂಘದ ಆಫೀಸಿನಲ್ಲಿ ಹೇಳಿದೆ. ಕಾರ್ಯದರ್ಶಿ ಬೀಡಿ ಆರಿಸಿ, “ತಮ್ಮಾ, ಅವರ ಅನ್ನಾ ಉಂಡು ಬಂದೀ. ಇಂಥಾ ಮಾತು ನಿನ್ನ ಬಾಯಾಗ ಯಾರು ತುರುಕಿದ್ರು?” ಅಂದ. ಎಲ್ಲರೂ ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿದರು. ಅಲ್ಲಿ ನಾನು ಬಾಯಿ ಮುಚ್ಚಿದೆ.

ನೋಡು, ಆ ದೇಶವನ್ನು ದೇವರ ಕೋಣೆಯಲ್ಲಿಟ್ಟವರು ಅಕ್ಕೋರ ಹಸಿವನ್ನು ಕತ್ತರಿಸಿದರು. ಈಗ ಆ ದೇಶವನ್ನು ಕಟಕಟೆಗೆ ಹತ್ತಿಸುವವರು ಅವರ ನಗು ಕತ್ತರಿಸಿದ್ದೀರಿ. ನಾನು ಯಾವ ಸರ್ಕಾರದ ವಕೀಲನೂ ಅಲ್ಲ. ನಿಮ್ಮ ಹತ್ತಿರ ನಿಜವಾದ ಹಸಿವಿನ ಸಾಕ್ಷಿ ಇತ್ತು. ಅದನ್ನು ಪಕ್ಕಕ್ಕಿಟ್ಟು ಕಿತ್ತಳೆ ಕೊಳ್ಳಲು ನಿಂತವರನ್ನು ಯಾಕೆ ಹಸಿದವರನ್ನಾಗಿ ಮಾಡಿದಿರಿ? ಇದಕ್ಕೆ ಉತ್ತರ ಕೊಡು. ಸದ್ದಿಲ್ಲದೆ ತೆಗೆಸುವ ಮಾತು ಬೇಡ.

ಗದಿಗೆಪ್ಪ ಕಾಕಾ


ಜೆರಿಕೋ
11 ಮೇ 2025

ಕಾಕಾ,

ತಡವಾಯ್ತು. ಪರೀಕ್ಷೆಗಳು ಅಂತ ಬರೆದರೆ ನೀವು ನಂಬಲ್ಲ, ಅದಕ್ಕೆ ಬರೆಯಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇತ್ತು, ಕೊಡೋಕೆ ಮನಸ್ಸಿರಲಿಲ್ಲ.

ನಿಮ್ಮ ರೆಕಾರ್ಡಿಂಗ್ ಪೂರ್ತಿ ಮತ್ತೆ ಕೇಳಿದೆ. ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇ ಟ್ರಾಫಿಕ್ಕಿನಲ್ಲಿ ಅರ್ಧ, ಸಂಜೆ ವಾಪಸ್ ಬರೋವಾಗ ಅರ್ಧ. ನಲ್ಲಿಯ ಮಾತು ಬಂದಾಗ ಎಕ್ಸಿಟ್ ತಪ್ಪಿಸಿ ಮುಂದೆ ಹೋಗಿಬಿಟ್ಟೆ.

1933ರ ಭಾಗವನ್ನ ನಾನು ಇಂಗ್ಲಿಷಿಗೆ ಮಾಡಿ ಸಮಿತಿಗೆ ಕೊಟ್ಟಿದ್ದೆ. ಎಲ್ಲಕ್ಕಿಂತ ಮೊದಲು ಅದನ್ನೇ ಕೊಟ್ಟಿದ್ದೆ. ಅವರು ತಿರಸ್ಕರಿಸಿದರು. ಯಾಕೆ ಅಂದರೆ ಸಮಿತಿಗೆ ಒಂದು ನಿಯಮ ಇದೆ, ಸಾವಿನ ಸಾಕ್ಷ್ಯ ಇದ್ದರೆ ಹೇಳಿದವರ ಹೆಸರು ಇರಲೇಬೇಕು. ಹೆಸರಿಲ್ಲದ ಕತೆಯನ್ನು ಯಾರು ಬೇಕಾದರೂ ಕಟ್ಟಬಹುದು, ಈ ವಿಷಯದಲ್ಲಿ ಎರಡೂ ಕಡೆಯವರು ಕಟ್ಟಿದ್ದಾರೆ ಕೂಡ. ನನಗೂ ಆ ನಿಯಮ ಸರಿ ಅನ್ನಿಸುತ್ತೆ.

ಕಾಕಾ, ಅಷ್ಟು ಹೊತ್ತಿನ ಮಾತಿನಲ್ಲಿ ನೀವು ಒಂದು ಸಲವೂ ಅವರ ಹೆಸರು ಹೇಳಿಲ್ಲ. ಅಕ್ಕೋರು ಬಂದರು, ಅಕ್ಕೋರು ಅಂದರು, ಅಕ್ಕೋರ ತಮ್ಮಂದಿರು. ಆ ಪುಟ್ಟ ಹುಡುಗರ ಹೆಸರು ಹೇಳಿದ್ದೀರಿ, ಅವರದ್ದು ಮಾತ್ರ ಇಲ್ಲ. ನಾನು ಎರಡು ಸಲ ಕೇಳಿದ್ದೀನಿ, ಅದೂ ರೆಕಾರ್ಡ್ ಆಗಿದೆ. ಮೊದಲ ಸಲ ನೀವು ಚಹಾ ಆರತೈತಿ ಕುಡಿ ಅಂದ್ರಿ. ಎರಡನೇ ಸಲ ನಕ್ಕು, “ಅಕ್ಕೋರ ಹೆಸರು ತಗೋತಾರೇನವಾ ಯಾರರ?” ಅಂದು ಮುಂದಕ್ಕೆ ಹೋದ್ರಿ. ನಾನು ಬಿಟ್ಟೆ. ಧಾರವಾಡದಲ್ಲಿ ನಮಗೂ ಅಕ್ಕೋರು ಅಂದರೆ ಅಕ್ಕೋರೇ. ಅವರಿಗೆ ಹೆಸರೊಂದು ಇರುತ್ತೆ ಅಂತ ಎರಡನೇ ಕ್ಲಾಸಿನಲ್ಲಿ ಅವರ ಮದುವೆ ಕಾರ್ಡ್ ಬಂದಾಗ ಗೊತ್ತಾಗಿದ್ದು. ನಿಮ್ಮ ಮಾತು ನನಗೆ ಎಷ್ಟು ಸಹಜವಾಗಿ ಕೇಳಿಸ್ತು ಅಂದರೆ, ಅದು ಅಮೆರಿಕದಲ್ಲಿ ಕೂತ ಸಮಿತಿಗೆ ಹೇಗೆ ಕೇಳಿಸುತ್ತೆ ಅಂತ ಯೋಚನೆಯೇ ಬರಲಿಲ್ಲ. ಇಂಗ್ಲಿಷಿನಲ್ಲಿ ‘ನನ್ನ ಟೀಚರ್’ ಅಂತ ಬರೆದು ಕೊಟ್ಟೆ.

ಹೀಗಾಗಿ ಸಾಕ್ಷ್ಯ ಬಿದ್ದುಹೋಯ್ತು, ಫೋಟೋ ಉಳಿಯಿತು. ಹಸಿವು ತೋರಿಸೋ ಚಿತ್ರ ಒಂದು ಬೇಕಿತ್ತು, ಅವರ ಮುಖ ಸಿಕ್ಕಿತು.

ಈಗ ಮೂರನೇ ಸಲ ಕೇಳ್ತಿದ್ದೀನಿ. ಅವರ ಹೆಸರು ನಿಮಗೆ ಗೊತ್ತೇ?

ರಕ್ಷಾ


ಓಲ್ಡ್ ಬ್ರಿಡ್ಜ್
18 ಮೇ 2025

ರಕ್ಷಾ,

ಓಕ್ಸಾನಾ ದನೀಲಿವ್ನಾ ಕೊವ್ತುನ್.

ಮೇಲಿನ ಸಾಲು ಬರೆದು ಪೆನ್ನು ಕೆಳಗಿಟ್ಟು ಅಂಗಳಕ್ಕೆ ಹೋಗಿ ಬಂದೆ. ಶಿವಕ್ಕ ಕಾಗದ ಎತ್ತಿ ಓದಿ, “ಇದ ಏನು ಅವರ ಹೆಸರು? ಮದುವಿ ಆಗಿ ನಲವತ್ತು ವರ್ಷ ಆತು, ನನ್ನ ಮುಂದೂ ಹೇಳಿರಲಿಲ್ಲ. ನಾ ಎಲ್ಲೋ ಮರತಾರ ಅಂತ ತಿಳಕೊಂಡಿದ್ದೆ” ಅಂದಳು.

ಮರೆತಿರಲಿಲ್ಲ. ಆ ದೇಶದಲ್ಲಿ ಶಿಕ್ಷಕರನ್ನು ಅವರ ಹೆಸರು, ಅದರ ಜೊತೆಗೆ ಅವರ ತಂದೆಯ ಹೆಸರು ಕೂಡಿಸಿ ಕರೆಯಬೇಕು. ಅದೇ ಅಲ್ಲಿ ಮರ್ಯಾದೆ. ಬರೀ ‘ಟೀಚರ್’ ಅಂದರೆ ಒರಟು. ಕ್ಯೂಬಾದ ಹುಡುಗರು, ವಿಯೆಟ್ನಾಮಿನ ಹುಡುಗರು ಮೊದಲ ವಾರದಲ್ಲೇ ಕಲಿತರು. ನನಗೆ ನಾಲಿಗೆ ಏಳಲಿಲ್ಲ. ಅಷ್ಟು ಹಿರಿಯರ ಹೆಸರು, ಮೇಲೆ ಅವರ ಅಪ್ಪನ ಹೆಸರು ಬೇರೆ. ನಮ್ಮೂರಿನಲ್ಲಿ ಅಕ್ಕೋರು ಅಂತೀವಿ ಅಂತ ಕೈಸನ್ನೆಯಲ್ಲಿ ತಿಳಿಸಿದೆ. ಅವರು ಎರಡು ಸಲ ಹೇಳಿ ನೋಡಿದರು, ಒಪ್ಪಿಕೊಂಡರು. ಆರು ವರ್ಷ ನನಗೊಬ್ಬನಿಗೇ ಅವರು ಅಕ್ಕೋರು.

ಇನ್ನೊಂದು ಸಂಗತಿ ನಿನ್ನ ರೆಕಾರ್ಡರಿಗೆ ಹೇಳಿಲ್ಲ. 1982ರಲ್ಲಿ ನಾನು ಹೊರಟಾಗ ಸ್ಟೇಷನ್ನಿಗೆ ಬಂದಿದ್ದರು. ಇದನ್ನು ಬಾಯಿಬಿಟ್ಟು ಹೇಳುವ ಕಾಲ ಬಂದಾಗ ಹೇಳು ಅಂದರು. “ಆದರೆ ಅಕ್ಕೋರು ಅಂತ ಹೇಳಬೇಡ. ನನ್ನ ಹೆಸರಿಟ್ಟು ಹೇಳು. ಹೆಸರಿಲ್ಲದೆ ಹೇಳಿದರೆ ಕತೆ ಅಂತಾರೆ.” ನಿಮ್ಮ ಸಮಿತಿ ಹೇಳಿದ ಮಾತನ್ನೇ ಅವರು ನಲವತ್ತು ವರ್ಷ ಮೊದಲು ಹೇಳಿದ್ದರು. ನಾನು ಕೇಳಿಸಿಕೊಂಡೆ, ಹೂಂ ಅಂದೆ, ಆದರೂ ಬಾಯಿಗೆ ಬಂದದ್ದು ಅಕ್ಕೋರು ಅಂತಲೇ. ಒಕ್ಕೂಟ ಒಡೆದ ಮೇಲೆ ಬರೆದ ಕಾಗದಗಳು ತಿರುಗಿ ಬಂದವು. ಈಗ ಆ ಪಟ್ಟಣದ ಮೇಲೆ ಕ್ಷಿಪಣಿಗಳು ಬೀಳುತ್ತಿವೆ. ಅವರು ಇದ್ದರೆ ನೂರು ದಾಟಿರುತ್ತದೆ. ಇರಲಾರರು. ಇನ್ನು ಈ ಹೆಸರು ಹೇಳುವವನು ನಾನೊಬ್ಬ ಉಳಿದಿರಬಹುದು. ಹೇಳಿದ್ದೇನೆ. ಈಗ ನೀನೂ ಹೇಳು. ನಿಮ್ಮ ನೂರು ಜನ ಶಿಕ್ಷಕರ ಬಾಯಲ್ಲೂ ಹೇಳಿಸು. ಉಚ್ಚಾರ ನಾನು ತಿದ್ದುತ್ತೇನೆ.

ನಿಮ್ಮ ನಿಯಮ ಒಳ್ಳೆಯ ನಿಯಮ. ಅದರ ಮುಂದೆ ನಾನು ತಲೆ ಬಾಗುತ್ತೇನೆ. ಅದೇ ನಿಯಮ ಹಿಡಿದು ಸಮಿತಿಯನ್ನು ಕೇಳುತ್ತೇನೆ. ಹೆಸರಿಲ್ಲ ಅಂತ ಅವರ ಮಾತನ್ನು ಬೇಡ ಅಂದಿರಿ. ಹೆಸರಿಲ್ಲದ ಅವರ ಮುಖವನ್ನು ಹೇಗೆ ಬೇಕು ಅಂದಿರಿ?

ಇದನ್ನು ಅವರ ಮುಂದೆ ಇಡು. ನಲವತ್ತು ಜನ ಆ ಸ್ಲೈಡ್ ಒಯ್ದಿದ್ದಾರೆ. ಅದು ಈಗಾಗಲೇ ಟೀನೆಕ್‌ನಲ್ಲಿ, ಎಡಿಸನ್‌ನಲ್ಲಿ, ಎಲ್ಲೆಲ್ಲೋ ಗೋಡೆಯ ಮೇಲೆ ಬೀಳುತ್ತಿದೆ. ಜೂನಿನಲ್ಲಿ ಹೊಸ ಸ್ಲೈಡ್ ಹಾಕಿದರೆ ಆ ನಲವತ್ತು ಜನರಿಗೆ ಗೊತ್ತಾಗುವುದಿಲ್ಲ.

ಗದಿಗೆಪ್ಪ ಕಾಕಾ


ಜೆರಿಕೋ
9 ಜೂನ್ 2025

ಕಾಕಾ,

ಸಂಸ್ಥೆಯ ಡೈರೆಕ್ಟರ್ ಹತ್ತಿರ ಹೋಗಿದ್ದೆ. ಹೆಸರು, ಊರು, ವರ್ಷ ಎಲ್ಲ ಇಟ್ಟೆ. 1933ರ ಸಾಕ್ಷ್ಯ ಜೂನ್ ಶಿಬಿರದ ಪಠ್ಯಕ್ಕೆ ಸೇರುತ್ತೆ. ಕೂಡಲೇ ಒಪ್ಪಿದರು, ಖುಷಿಯಿಂದಲೇ ಒಪ್ಪಿದರು.

ಫೋಟೋ ವಿಷಯ ಬೇರೆ. ತೆಗೆದುಹಾಕ್ತೀವಿ, ಆದರೆ ತಪ್ಪಾಗಿದೆ ಅಂತ ಯಾರಿಗೂ ಬರೆಯಲ್ಲ ಅಂದರು. ಈ ಪಾಠವೇ ಬೇಡ ಅನ್ನೋ ಜನ ಹೊರಗಡೆ ಕಾಯ್ತಿದ್ದಾರೆ, ಒಂದು ತಪ್ಪು ಒಪ್ಪಿಕೊಂಡರೆ ಎಲ್ಲಾನೂ ಸುಳ್ಳು ಅಂತಾರೆ, ಒಂದು ಚಿತ್ರಕ್ಕೋಸ್ಕರ ಇಡೀ ಕೆಲಸ ಕೆಡಿಸಬೇಡ ಅಂದರು. ಅವರು ಕೆಟ್ಟವರಲ್ಲ ಕಾಕಾ. ಅವರ ತಾತ ಕಮ್ಯುನಿಸ್ಟ್ ಹಂಗರಿಯಿಂದ ಓಡಿ ಬಂದವರು. ಕೊನೆಗೆ, ವೇದಿಕೆ ಮೇಲೆ ನೀನಾಗಿ ಇದನ್ನು ಎತ್ತೋದಾದರೆ ವೇದಿಕೆಗೆ ಬೇರೆಯವರನ್ನ ನೋಡಬೇಕಾಗುತ್ತೆ ಅಂದರು. ಗದರಿಸಲಿಲ್ಲ. ಮೆಲ್ಲಗೇ ಹೇಳಿದರು.

ನಾನು ಎದ್ದು ಬಂದೆ. ಮಾರನೇ ದಿನ ನನ್ನ ಕ್ಲಾಸಿನಲ್ಲಿ, ಯಾರ ಅಪ್ಪಣೆಯೂ ಕೇಳದೆ, ಫೋಟೋ ಪೂರ್ತಿ ಹಾಕಿದೆ. ಕಂಬಳಿ, ಕ್ಯೂ, ಎಲ್ಲ. ಇವರಿಗೆ ಏನನ್ನಿಸ್ತಿದೆ ಅಂತ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬಳು, ಆ ಕಂಬಳಿಯವನನ್ನ ನೋಡಿ ನಗು ತಡೆಯೋಕೆ ಆಗ್ತಿಲ್ಲ ಅಂದಳು. ಕ್ಲಾಸೆಲ್ಲ ನಕ್ಕಿತು, ನಿಮ್ಮನ್ನ ನೋಡಿಯೇ. ಅವರ ಹೆಸರು ಹೇಳಿದೆ. ಆಮೇಲೆ ಇದೇ ಹೆಂಗಸು ಒಂಬತ್ತು ವರ್ಷದವಳಿದ್ದಾಗ ಅಂತ ಶುರು ಮಾಡಿದೆ. ಕಾಳಿನ ಗಡಿಗೆ ಹೇಳೋ ಹೊತ್ತಿಗೆ ಯಾರ ಕೈಯಲ್ಲೂ ಫೋನ್ ಇರಲಿಲ್ಲ. ನಗೋ ಮುಖ ನೋಡಿದ ಮೇಲೆ ಅವರಿಗೆ ಅದು ಜಾಸ್ತಿ ತಾಗಿತು. ನಲವತ್ತು ನಿಮಿಷ ಸಾಕಾಯ್ತು. ಮಾರ್ಚಿನಲ್ಲಿ ನಾನು ಬರೆದಿದ್ದನ್ನ ವಾಪಸ್ ತಗೊಂಡಿದ್ದೀನಿ.

ನೀವು ಬಹಿರಂಗವಾಗಿ ಬರೆಯಿರಿ. ಕಳಿಸೋ ಮೊದಲು ನನಗೆ ಕೊಡಿ, ಇಂಗ್ಲಿಷ್ ನಾನು ಮಾಡ್ತೀನಿ. ಆ ನಲವತ್ತು ಜನರ ವಿಳಾಸ ನನ್ನ ಹತ್ತಿರ ಇದೆ.

ರಕ್ಷಾ


16 ಜೂನ್ 2025
(ಇಂಗ್ಲಿಷಿನಲ್ಲಿ ಕಳಿಸಿದ ಬಹಿರಂಗ ಪತ್ರ. ಶಿವಕ್ಕ ಕಾಕೂ ಓದಲೆಂದು ಇದರ ಕನ್ನಡ.)

ಸಂಸ್ಥೆಯ ಡೈರೆಕ್ಟರ್ ಅವರಿಗೆ, ಸಮಿತಿಯ ಸದಸ್ಯರಿಗೆ, ಮತ್ತು ಫೆಬ್ರವರಿ 22ರ ಶಿಬಿರಕ್ಕೆ ಬಂದಿದ್ದ ನಲವತ್ತು ಶಿಕ್ಷಕರಿಗೆ:

ಅಂದು ನಿಮಗೆ ‘ಹಸಿದ ಹೆಂಗಸು’ ಎಂದು ತೋರಿಸಿದ ಚಿತ್ರದಲ್ಲಿರುವವರು ಓಕ್ಸಾನಾ ದನೀಲಿವ್ನಾ ಕೊವ್ತುನ್, ಖಾರ್ಕಿವ್‌ನಲ್ಲಿ ಭಾಷೆ ಕಲಿಸುತ್ತಿದ್ದ ಶಿಕ್ಷಕಿ. ಅವರು ಹಣ್ಣು ಕೊಳ್ಳಲು ನಿಂತಿದ್ದರು, ನಗುತ್ತಿದ್ದರು. ಅವರ ಪಕ್ಕದಲ್ಲಿದ್ದವರನ್ನು ಕತ್ತರಿಸಿ ಆ ನಗುವನ್ನು ಅಳುವಾಗಿ ಮಾಡಲಾಯಿತು. ಪೂರ್ತಿ ಚಿತ್ರವನ್ನು ಇದರೊಂದಿಗೆ ಇಟ್ಟಿದ್ದೇವೆ.

ಇದೇ ಓಕ್ಸಾನಾ ದನೀಲಿವ್ನಾ 1933ರಲ್ಲಿ, ಸರ್ಕಾರವೇ ತಂದ ಬರಗಾಲದಲ್ಲಿ, ತಾಯಿಯನ್ನೂ ಪೆತ್ರೋ, ಇವಾಸ್ ಎಂಬ ಇಬ್ಬರು ತಮ್ಮಂದಿರನ್ನೂ ಕಳೆದುಕೊಂಡರು. ಆ ಸಾಕ್ಷ್ಯವೂ ಇದರೊಂದಿಗಿದೆ. ಅದನ್ನು ಕಲಿಸಿ. ಅವರು ನಕ್ಕದ್ದನ್ನೂ ಕಲಿಸಿ. ಎರಡನ್ನೂ ಒಟ್ಟಿಗೆ ಕೇಳುವ ಶಕ್ತಿ ಹದಿನಾರು ವರ್ಷದವರಿಗೆ ಇದೆ. ನಮ್ಮಲ್ಲಿ ಒಬ್ಬರು ಅದನ್ನು ತರಗತಿಯಲ್ಲಿ ಕಣ್ಣಾರೆ ಕಂಡಿದ್ದಾರೆ.

ಒಂದು ತಪ್ಪು ಒಪ್ಪಿಕೊಂಡರೆ ಎಲ್ಲವೂ ಸುಳ್ಳೆನ್ನುತ್ತಾರೆ ಎಂಬ ಹೆದರಿಕೆ ನಿಮಗಿದೆ. ತಪ್ಪನ್ನು ಎಂದೂ ಒಪ್ಪಿಕೊಳ್ಳದ, ಬೇಡವಾದವರನ್ನು ಫೋಟೋಗಳಿಂದ ಕತ್ತರಿಸಿ ತೆಗೆದ ಸರ್ಕಾರದ ಇತಿಹಾಸವನ್ನೇ ಅಲ್ಲವೇ ನೀವು ಕಲಿಸಲು ಹೊರಟಿರುವುದು?

ಖಾಸಗಿ ಉತ್ತರ ನಮಗೆ ಬೇಡ. ಜೂನ್ 28ರ ಬೆಳಿಗ್ಗೆ, ಬಂದ ಶಿಕ್ಷಕರೆಲ್ಲರ ಎದುರು, ಈ ಚಿತ್ರವನ್ನು ಕತ್ತರಿಸಿದ್ದು ಯಾರ ತೀರ್ಮಾನ, ಅದರ ಕೆಳಗಿನ ಸಾಲು ಬರೆದವರು ಯಾವ ಆಧಾರದಿಂದ ಬರೆದರು, ಹಿಂದಿನ ನಲವತ್ತು ತರಗತಿಗಳಿಗೆ ತಿದ್ದುಪಡಿ ಯಾವ ದಿನ ತಲುಪುತ್ತದೆ ಎಂಬುದನ್ನು ನಿಮ್ಮ ಬಾಯಿಂದಲೇ, ಅವರ ಹೆಸರು ಹಿಡಿದು, ಹೇಳಿ.

ಗದಿಗೆಪ್ಪ ಹೊಸಮನಿ
ನಿವೃತ್ತ ಸೇತುವೆ ಎಂಜಿನಿಯರ್, ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಓಕ್ಸಾನಾ ದನೀಲಿವ್ನಾ ಕೊವ್ತುನ್ ಅವರ ವಿದ್ಯಾರ್ಥಿ

ರಕ್ಷಾ ಶಶಿಧರ
ಹೈಸ್ಕೂಲ್ ಇತಿಹಾಸ ಶಿಕ್ಷಕಿ, ಜೆರಿಕೋ, ನ್ಯೂಯಾರ್ಕ್
ಈ ಪತ್ರ ನಿಮ್ಮ ಕೈ ಸೇರುವವರೆಗೆ, ಜೂನ್ 28ರ ಶಿಬಿರದ ಮುಖ್ಯ ತರಬೇತುದಾರಳು